ಒಬ್ಬೊಬ್ಬರಿಗೂ ಒಂದೊಂದು ಕಪ್: ಮೈಕ್ರೋವೇವ್ ನಿಂಬೆ ಕೇಕ್ ಮಾಡಿ ತೋರಿಸೋದು ಹೇಗೆ

ಮನೆಗೆ ನಾಲ್ಕು ಜನರನ್ನು ಕರೆದು ಏನಾದರೂ ಮಾಡಿ ತೋರಿಸಬೇಕು, ಏನು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಕಪ್‌ನಲ್ಲಿ ಮಾಡುವ ನಿಂಬೆ ಕೇಕ್. ಬೇಗ ಆಗುತ್ತದೆ ಅನ್ನೋದು ನಿಜ, ಆದರೆ ಮುಖ್ಯ ಕಾರಣ ಅದಲ್ಲ. ಈ ಕೇಕ್ ರುಚಿ ಇರೋದು ಬಿಸಿ ಇದ್ದಾಗ ಮಾತ್ರ. ಪೂರ್ತಿ ತಣ್ಣಗಾದರೆ ಅಂಚು ಗಟ್ಟಿಯಾಗುತ್ತದೆ, ಇನ್ನೂ ಬಿಟ್ಟರೆ ಜಗಿಯೋದೇ ಕಷ್ಟ. ಮಾಡಿ ಡಬ್ಬಿಗೆ ತುಂಬಿ ಕೊಡುವ ಹಾಗಿಲ್ಲ, ಬೇಕರಿಯಲ್ಲಿ ಕೊಂಡು ತರುವ ಹಾಗೂ ಇಲ್ಲ. ಜನರ ಎದುರಿಗೇ ಮಾಡಿ, ಎದುರಿಗೇ ತಿನ್ನಿಸಬೇಕು. ತೋರಿಸೋಕೆ ಅಂತಲೇ ಹೇಳಿ ಮಾಡಿಸಿದ ಹಾಗಿದೆ ಅಲ್ವಾ?

ಒಂದು ಕಪ್‌ಗೆ ಬೇಕಾಗುವ ಸಾಮಾನು ಇಷ್ಟು. ಮೈದಾ 4 ದೊಡ್ಡ ಚಮಚ, ಸಕ್ಕರೆ ಎರಡೂವರೆ ದೊಡ್ಡ ಚಮಚ, ಬೇಕಿಂಗ್ ಪೌಡರ್ ಕಾಲು ಟೀ ಚಮಚ, ಅಡುಗೆ ಸೋಡಾ ಒಂದು ಸಣ್ಣ ಚಿಟಿಕೆ, ಉಪ್ಪು ಒಂದು ಚಿಟಿಕೆ, ಮೊಸರು 2 ದೊಡ್ಡ ಚಮಚ, ಹಾಲು 1 ದೊಡ್ಡ ಚಮಚ, ಎಣ್ಣೆ ಒಂದೂವರೆ ದೊಡ್ಡ ಚಮಚ, ಒಂದು ನಿಂಬೆಹಣ್ಣಿನ ಸಿಪ್ಪೆಯ ತುರಿ, ನಿಂಬೆರಸ 1 ಟೀ ಚಮಚ. ಮೇಲೆ ಹಾಕೋಕೆ ಅಂತ ಪುಡಿ ಸಕ್ಕರೆ 1 ದೊಡ್ಡ ಚಮಚ ಮತ್ತು ಇನ್ನೊಂದು ಟೀ ಚಮಚ ರಸ ಬೇರೆ ಇಟ್ಟುಕೊಳ್ಳಿ. ದೊಡ್ಡ ಚಮಚ ಅಂದರೆ 15 ಎಂಎಲ್, ಟೀ ಚಮಚ ಅಂದರೆ 5 ಎಂಎಲ್. ಅಳತೆ ಚಮಚದಲ್ಲೇ ತಲೆ ಸಮ ಮಾಡಿ ಅಳೆಯಿರಿ, ಯಾಕಂದರೆ ಇಷ್ಟು ಸಣ್ಣ ಕೇಕ್‌ನಲ್ಲಿ ಅರ್ಧ ಚಮಚ ಮೈದಾ ಜಾಸ್ತಿ ಆದರೂ ಒಣಗಿಹೋಗುತ್ತದೆ. ಎಣ್ಣೆ ಸೂರ್ಯಕಾಂತಿಯದ್ದೇ ಇರಲಿ. ಗಾಣದ ಶೇಂಗಾ ಎಣ್ಣೆ ಹಾಕಿದರೆ ಅದರ ವಾಸನೆಯೇ ನಿಂಬೆಯನ್ನು ನುಂಗಿಬಿಡುತ್ತದೆ.

ಮೊಟ್ಟೆ ಬೇಡವೇ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬೇಡ. ಒಂದು ಕಪ್‌ಗೆ ಒಂದು ಇಡೀ ಮೊಟ್ಟೆ ಜಾಸ್ತಿಯಾಗುತ್ತದೆ, ಕೇಕ್ ಎಳೆದರೆ ಎಳೆಯುವ ಹಾಗೆ ಬರುತ್ತದೆ, ಮೈಕ್ರೋವೇವ್‌ನಲ್ಲಂತೂ ಇನ್ನೂ ಬೇಗ. ಹಾಕಲೇಬೇಕು ಅಂತಿದ್ದರೆ ಒಂದು ಮೊಟ್ಟೆಯನ್ನು ಚೆನ್ನಾಗಿ ಕಲಕಿ ಎರಡು ಕಪ್‌ಗೆ ಹಂಚಿ, ಮೊಸರನ್ನು ಅರ್ಧಕ್ಕೆ ಇಳಿಸಿ, ಹಾಲು ಬಿಟ್ಟುಬಿಡಿ. ಆದರೆ ಬಂದವರಲ್ಲಿ ಮೊಟ್ಟೆ ತಿನ್ನದವರು ಇದ್ದೇ ಇರುತ್ತಾರೆ, ಮೊಸರಿನದ್ದೇ ಎಲ್ಲರಿಗೂ ಆಗುತ್ತದೆ.

ಈಗ ನಿಂಬೆಯ ವಿಷಯ. ಇದರ ಮೇಲೆಯೇ ಇಡೀ ಕೇಕ್ ನಿಂತಿದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸುಮಾರು ಜನ ರಸ ಜಾಸ್ತಿ ಹಿಂಡಿದರೆ ನಿಂಬೆ ರುಚಿ ಜಾಸ್ತಿ ಬರುತ್ತದೆ ಅಂದುಕೊಂಡಿರುತ್ತಾರೆ. ಹಾಗಾಗುವುದಿಲ್ಲ. ರಸದಲ್ಲಿ ಇರೋದು ಮುಖ್ಯವಾಗಿ ಹುಳಿ, ಘಮ ಇರೋದು ಸಿಪ್ಪೆಯ ಎಣ್ಣೆಯಲ್ಲಿ. ಹಿಟ್ಟಿಗೆ ಹಾಕಿದ ರಸದ ಹುಳಿಯನ್ನು ಸೋಡಾ ಅಲ್ಲಿಗಲ್ಲಿಗೇ ಮುಗಿಸುತ್ತದೆ, ಗುಳ್ಳೆ ಏಳೋದೇ ಅದಕ್ಕೆ. ಅಂದರೆ ಆ ಒಂದು ಚಮಚ ರಸ ಕೇಕ್ ಉಬ್ಬೋಕೆ ಖರ್ಚಾಯಿತು, ನಾಲಿಗೆಗೆ ಅಷ್ಟಾಗಿ ಸಿಗುವುದಿಲ್ಲ. ಘಮ ಸಿಪ್ಪೆಯಿಂದ ಬರಬೇಕು, ಹುಳಿ ಬೆಂದ ಮೇಲೆ ಸುರಿಯುವ ಪಾಕದಿಂದ ಬರಬೇಕು. ಈ ಮೂರೂ ಬೇರೆ ಬೇರೆ ಕೆಲಸ ಅಂತ ಬಂದವರಿಗೆ ಮೊದಲೇ ಹೇಳಿಬಿಡಿ, ಆಮೇಲೆ ಯಾವ ರೆಸಿಪಿ ಸಿಕ್ಕರೂ ಅವರೇ ಸರಿಮಾಡಿಕೊಳ್ಳುತ್ತಾರೆ.

ನಮ್ಮ ಮಾರುಕಟ್ಟೆಯ ನಿಂಬೆಹಣ್ಣಿನ ಸಿಪ್ಪೆ ತೆಳು. ಎರಡು ಸಲ ಜೋರಾಗಿ ಉಜ್ಜಿದರೆ ಬಿಳಿ ಭಾಗ ಬಂದೇಬಿಡುತ್ತದೆ, ಅದು ಕಹಿ. ಹಣ್ಣನ್ನು ತೊಳೆದು ಬಟ್ಟೆಯಲ್ಲಿ ಪೂರ್ತಿ ಒರೆಸಿ, ಒದ್ದೆ ಸಿಪ್ಪೆ ತುರಿಯೋಕೆ ಬರುವುದಿಲ್ಲ. ಹೆಚ್ಚುವ ಮೊದಲೇ ತುರಿಯಿರಿ, ಹೋಳಾದ ಮೇಲೆ ಹಿಡಿತ ಸಿಗುವುದಿಲ್ಲ. ತುರಿಮಣೆಯ ಅತಿ ಸಣ್ಣ ಕಣ್ಣಿನ ಕಡೆ, ಒಂದು ಜಾಗದಲ್ಲಿ ಒಂದೇ ಸಲ ಮೆಲ್ಲಗೆ ಎಳೆದು, ಹಣ್ಣು ತಿರುಗಿಸುತ್ತಾ ಹೋಗಿ. ಗಜನಿಂಬೆ ಸಿಕ್ಕರೆ ಬಿಡಬೇಡಿ, ಅದರ ಸಿಪ್ಪೆ ದಪ್ಪ, ಘಮವೂ ಚೆನ್ನಾಗಿರುತ್ತದೆ, ಒಂದೇ ಹಣ್ಣಿನ ತುರಿ ಮೂರು ನಾಲ್ಕು ಕಪ್‌ಗೆ ಸಾಕು. ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಹೊರದೇಶದ ದೊಡ್ಡ ಹಳದಿ ನಿಂಬೆಗೆ ಸಾಮಾನ್ಯವಾಗಿ ಮೇಣ ಹಚ್ಚಿರುತ್ತಾರೆ, ಬಿಸಿನೀರಿನಲ್ಲಿ ತೊಳೆದು ಉಜ್ಜಿಯೇ ಬಳಸಿ.

ತುರಿಯನ್ನು ನೇರ ಹಿಟ್ಟಿಗೆ ಹಾಕಬೇಡಿ. ಸಕ್ಕರೆಯ ಜೊತೆ ಒಂದು ತಟ್ಟೆಗೆ ಹಾಕಿ ಬೆರಳ ತುದಿಯಲ್ಲಿ ಒಂದು ನಿಮಿಷ ಹೊಸೆಯಿರಿ. ಸಕ್ಕರೆಯ ಹರಳು ಸಿಪ್ಪೆಯನ್ನು ಗೀರಿ ಎಣ್ಣೆ ಹೊರಗೆ ತರುತ್ತದೆ. ಉದುರುದುರಾಗಿದ್ದ ಸಕ್ಕರೆ ಒದ್ದೆ ಮರಳಿನ ಹಾಗೆ ಅಂಟಿಕೊಳ್ಳುತ್ತದೆ, ಬಣ್ಣ ಸ್ವಲ್ಪ ಹಸಿರು ಹಳದಿಗೆ ತಿರುಗುತ್ತದೆ, ಕೋಣೆಯ ಆ ಕಡೆ ಕೂತವರಿಗೂ ವಾಸನೆ ಬರುತ್ತದೆ. ಇದನ್ನು ನೀವು ಮಾಡಬೇಡಿ, ಬಂದವರ ಕೈಯಲ್ಲೇ ಮಾಡಿಸಿ, ತಟ್ಟೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ. ನನ್ನ ಪ್ರಕಾರ ಇಡೀ ಕಾರ್ಯಕ್ರಮದಲ್ಲಿ ಜನ ನೆನಪಿಟ್ಟುಕೊಳ್ಳುವುದು ಈ ಒಂದು ನಿಮಿಷ.

ಬಣ್ಣಕ್ಕೆ ಅಂತ ಅರಿಶಿನ ಹಾಕುವವರಿಗೆ ಒಂದು ಮಾತು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ, ಆರತಿಗೆ ಓಕುಳಿ ನೀರು ಮಾಡೋದೇ ಹಾಗೆ. ಸೋಡಾ ಮಾಡೋದೂ ಅದನ್ನೇ. ಸೋಡಾ ಒಂದು ಕಡೆ ಗಂಟಾಗಿ ಉಳಿದಿದ್ದರೆ ಅಲ್ಲಿ ಕೇಕ್‌ನಲ್ಲಿ ಕೆಂಪು ಚುಕ್ಕೆ ಏಳುತ್ತದೆ. ಅರಿಶಿನ ಬೇಕೇ ಬೇಕು ಅಂದರೆ ಚೂರೇ ಚೂರು ಹಾಕಿ, ಸೋಡಾವನ್ನು ಮೈದಾ ಜೊತೆ ಎರಡು ಸಲ ಜರಡಿ ಹಿಡಿಯಿರಿ.

ಕಪ್ ಪಿಂಗಾಣಿಯದ್ದು, ನೆಟ್ಟಗೆ ನಿಂತ ಗೋಡೆಯದ್ದು, ಸುಮಾರು 300 ಎಂಎಲ್ ಹಿಡಿಯುವಂಥದ್ದು ಇರಲಿ. ಅಂಚಿಗೆ ಚಿನ್ನದ ಗೆರೆ ಇದ್ದರೆ ಕಿಡಿ ಹಾರುತ್ತದೆ, ಸ್ಟೀಲ್ ಲೋಟ ಹತ್ತಿರವೂ ಬೇಡ. ಕಪ್ ಆಗುತ್ತದೋ ಇಲ್ಲವೋ ಅನುಮಾನ ಇದ್ದರೆ ಖಾಲಿ ಕಪ್ ಪಕ್ಕದಲ್ಲಿ ಇನ್ನೊಂದು ಮೈಕ್ರೋವೇವ್ ಕಪ್‌ನಲ್ಲಿ ನೀರಿಟ್ಟು ಒಂದು ನಿಮಿಷ ಓಡಿಸಿ. ನೀರು ಬಿಸಿಯಾಗಿ ಖಾಲಿ ಕಪ್ ತಣ್ಣಗಿದ್ದರೆ ಸರಿ. ಖಾಲಿ ಕಪ್ಪೇ ಸುಡುತ್ತಿದ್ದರೆ ಅದನ್ನು ಟೀಗೆ ಇಟ್ಟುಕೊಳ್ಳಿ.

ಕಲಸೋದು ಸುಲಭ. ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪು ಮೊದಲೇ ಸೇರಿಸಿರಿ. ಕಪ್‌ನಲ್ಲೇ ಮೊಸರು, ಹಾಲು, ಎಣ್ಣೆ, ಹೊಸೆದ ಸಕ್ಕರೆ ಹಾಕಿ ಸಕ್ಕರೆ ಬಹುತೇಕ ಕರಗುವ ತನಕ ಕದಡಿ. ರಸ ಹಾಕಿ. ಹಾಲು ಒಡೆದ ಹಾಗೆ ಕಂಡರೆ ಗಾಬರಿ ಬೇಡ, ಅದು ಹಾಗೇ ಆಗಬೇಕು. ಒಣ ಹಿಟ್ಟು ಸೇರಿಸಿ ಗಂಟು ಹೋಗುವಷ್ಟು ಮಾತ್ರ ಕಲಸಿ, ಜಾಸ್ತಿ ತಿರುವಿದರೆ ಮೈದಾ ಜಿಗುಟಾಗುತ್ತದೆ. ಹದ ಇಡ್ಲಿ ಹಿಟ್ಟಿನದ್ದು ಇರಬೇಕು, ಗಟ್ಟಿ ಅನ್ನಿಸಿದರೆ ಇನ್ನೊಂದು ಚಮಚ ಹಾಲು. ಕಪ್‌ನ ತಳದ ಮೂಲೆಯಲ್ಲಿ ಒಣ ಮೈದಾ ಕೂತಿರುತ್ತದೆ, ಚಮಚದ ತುದಿ ಅಲ್ಲಿಗೆ ಹೋಗಲಿ. ಹಿಟ್ಟು ಅರ್ಧ ಕಪ್ ದಾಟಬಾರದು.

ಸಮಯ ನಿಮ್ಮ ಮೈಕ್ರೋವೇವ್‌ನ ವ್ಯಾಟ್ ಮೇಲೆ ಹೋಗುತ್ತದೆ. ಬಾಗಿಲ ಹತ್ತಿರ ಅಥವಾ ಹಿಂದೆ ಅಂಟಿಸಿದ ಚೀಟಿ ನೋಡಿ. 800 ವ್ಯಾಟ್ ಇದ್ದರೆ 70 ಸೆಕೆಂಡಿಗೆ ಶುರು ಮಾಡಿ, 700 ಇದ್ದರೆ 80ಕ್ಕೆ, ಆಮೇಲೆ ಬೇಕಾದರೆ ಹತ್ತು ಹತ್ತು ಸೆಕೆಂಡು ಸೇರಿಸಿ. 900 ಇದ್ದರೆ ಪವರ್ ಒಂದು ಮೆಟ್ಟಿಲು ಇಳಿಸಿ, ಇಲ್ಲದಿದ್ದರೆ ಉಕ್ಕಿ ತಟ್ಟೆಗೆ ಬೀಳುತ್ತದೆ. ಕಪ್ಪನ್ನು ತಿರುಗುವ ತಟ್ಟೆಯ ನಡುವೆ ಇಡದೆ ಅಂಚಿಗೆ ಇಟ್ಟರೆ ಸಮವಾಗಿ ಬೇಯುತ್ತದೆ. ಯಾರಾದರೂ ಕೇಕ್ ಕೆಂಪಗೆ ಯಾಕಾಗಲಿಲ್ಲ ಅಂತ ಕೇಳಿದರೆ ಹೀಗೆ ಹೇಳಿ: ಇಲ್ಲಿ ಬಿಸಿಯಾಗೋದು ಹಿಟ್ಟಿನೊಳಗಿನ ನೀರು, ಸುತ್ತಲಿನ ಗಾಳಿ ಅಲ್ಲ, ಹಾಗಾಗಿ ಶಾಖ 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ, ಕೆಂಪಗಾಗಬೇಕಾದರೆ ಸುಮಾರು 140 ದಾಟಬೇಕು.

ಎಲ್ಲರನ್ನೂ ಗಾಜಿನ ಬಾಗಿಲ ಮುಂದೆ ನಿಲ್ಲಿಸಿ. ಕೇಕ್ ಕಪ್‌ನ ಅಂಚಿನ ತನಕ ಏರಿ, ನಿಂತ ಮೇಲೆ ಸ್ವಲ್ಪ ಕುಸಿಯುತ್ತದೆ, ಇದನ್ನು ಮೊದಲೇ ಹೇಳಿರಿ, ಇಲ್ಲದಿದ್ದರೆ ಕೆಟ್ಟಿತು ಅಂದುಕೊಳ್ಳುತ್ತಾರೆ. ತೆಗೆದಾಗ ಮೇಲ್ಭಾಗದ ನಡುವೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಇನ್ನೂ ಒದ್ದೆಯಾಗಿ ಹೊಳೆಯುತ್ತಿರಬೇಕು. ಎರಡು ನಿಮಿಷ ಹೊರಗಿಟ್ಟರೆ ಒಳಗಿನ ಬಿಸಿಗೆ ಅದೂ ಬೇಯುತ್ತದೆ. ಒಳಗಿರುವಾಗಲೇ ಮೇಲೆ ಪೂರ್ತಿ ಒಣಗಿತು ಅಂದರೆ ಸಮಯ ಜಾಸ್ತಿಯಾಗಿದೆ, ಮುಂದಿನ ಕಪ್‌ಗೆ ಹತ್ತು ಸೆಕೆಂಡು ಕಡಿಮೆ ಮಾಡಿ. ಟೂತ್‌ಪಿಕ್‌ನಿಂದ ಹತ್ತಾರು ಕಡೆ ಚುಚ್ಚಿ, ಪುಡಿ ಸಕ್ಕರೆ ಮತ್ತು ರಸದ ಪಾಕವನ್ನು ಬಿಸಿ ಇರುವಾಗಲೇ ಸುರಿಯಿರಿ.

ಜನ ಜಾಸ್ತಿ ಇದ್ದಾಗ ಎಲ್ಲಾ ಕಪ್ ಒಟ್ಟಿಗೆ ಇಡೋಣ ಅನ್ನಿಸುತ್ತದೆ. ಬೇಡ. ಇರುವ ಶಕ್ತಿಯೇ ಹಂಚಿಹೋಗುತ್ತದೆ, ಸಮಯ ಎಳೆಯುತ್ತದೆ, ಒಂದು ಬೆಂದು ಒಂದು ಹಸಿ ಉಳಿಯುತ್ತದೆ. ಒಂದೊಂದೇ ಮಾಡಿ. ಒಣ ಹಿಟ್ಟನ್ನು ಹಿಂದಿನ ದಿನವೇ ಸಣ್ಣ ಡಬ್ಬಿಗಳಲ್ಲಿ ಒಬ್ಬೊಬ್ಬರಿಗೆ ಅಂತ ತುಂಬಿಡಿ. ಒಬ್ಬರ ಕಪ್ ಒಳಗೆ ಹೋದಾಗ ಮುಂದಿನವರು ಕಲಸೋಕೆ ಶುರು ಮಾಡಲಿ, ಅದಕ್ಕಿಂತ ಮೊದಲು ಬೇಡ, ಕಲಸಿ ಬಹಳ ಹೊತ್ತು ಇಟ್ಟರೆ ಗುಳ್ಳೆ ಸತ್ತುಹೋಗುತ್ತದೆ. ನಾಲ್ಕೈದು ಕಪ್ ಆದ ಮೇಲೆ ಬಾಗಿಲು ತೆರೆದು ಒಳಗಿನ ಹಬೆ ಒರೆಸಿ, ಎರಡು ನಿಮಿಷ ಆರಲು ಬಿಡಿ.

ಕರೆಂಟಿನ ಕಡೆಯೂ ಗಮನ ಇರಲಿ. 800 ವ್ಯಾಟ್‌ನ ಮೈಕ್ರೋವೇವ್ ಗೋಡೆಯಿಂದ ಎಳೆಯೋದು 1200 ವ್ಯಾಟ್ ಹತ್ತಿರ, ಹಾಲ್‌ನಲ್ಲಿ ತೋರಿಸೋಣ ಅಂತ ಸಣ್ಣ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಮಿಕ್ಸಿ ಜೊತೆ ಸಿಕ್ಕಿಸಬೇಡಿ, ದಪ್ಪ ಪಿನ್ನಿನ ಪವರ್ ಸಾಕೆಟ್ ಇರುವ ಕಡೆಗೇ ಜನರನ್ನು ಕರೆಯಿರಿ. ಮನೆಯ ಸಾಧಾರಣ ಯುಪಿಎಸ್ ಇದನ್ನು ಎಳೆಯುವುದಿಲ್ಲ. ವೋಲ್ಟೇಜ್ ಇಳಿದ ಹೊತ್ತಿನಲ್ಲಿ ಬೇಯೋದೂ ನಿಧಾನ, ಅದಕ್ಕೇ ಜನ ಬರುವ ಮೊದಲು ಅದೇ ಸಾಕೆಟ್‌ನಲ್ಲಿ, ಅದೇ ಕಪ್‌ನಲ್ಲಿ ಒಂದು ಕೇಕ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ.

ಉಳಿದ ಕೇಕ್ ಗಟ್ಟಿಯಾದರೆ ಎಸೆಯಬೇಡಿ. ಮೇಲೆ ನೀರು ಚಿಮುಕಿಸಿ ಹತ್ತು ಸೆಕೆಂಡು ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ಆದರೆ ಆಗಲೇ ತಿನ್ನಬೇಕು, ಎರಡನೇ ಸಲ ಹೀಗೆ ಮಾಡೋಕೆ ಬರುವುದಿಲ್ಲ.