ಧಾರವಾಡದ ಚಳಿಗಾಲದಲ್ಲಿ ಎರಡು ವರ್ಷದ ಕೂಸಿನ ಆರೈಕೆ

ಮಾರ್ಗಶಿರ ಮತ್ತು ಪುಷ್ಯ ಮಾಸಗಳಲ್ಲಿ ಹುಬ್ಬಳ್ಳಿ-ಧಾರವಾಡದ ಕಡೆ ಬೆಳಗಿನ ಆರು ಗಂಟೆಗೆ 14 ಡಿಗ್ರಿಯ ಆಸುಪಾಸಿನಲ್ಲಿರುವ ಹವೆ ಮಧ್ಯಾಹ್ನ ಎರಡರ ಹೊತ್ತಿಗೆ 29 ಅಥವಾ 30 ಡಿಗ್ರಿಗೆ ಏರಿರುತ್ತದೆ, ಹೊತ್ತು ಮುಳುಗಿ ಒಂದೆರಡು ತಾಸು ಕಳೆಯುವುದರೊಳಗೆ ಮತ್ತೆ ಥಂಡಿ ಸುರುವಾಗುತ್ತದೆ. ಆಗತಾನೇ ನಡೆಯಲು ಕಲಿತ ಕೂಸು ಈ ಏರಿಳಿತವನ್ನು ಪ್ರತಿದಿನ ದಾಟಬೇಕು. ಮನೆಯ ಹಿರಿಯರ ಕಣ್ಣಿಗೆ ಬೀಳುವುದು ಬೆಳಗಿನ ಚಳಿ ಮಾತ್ರ; ಹಾಗಾಗಿ ಸ್ವೆಟರಿನ ಮೇಲೆ ಸ್ವೆಟರ್ ತೊಡಿಸಿ, ಕುಲಾಯಿ ಕಟ್ಟಿ, ಕಾಲುಚೀಲ ಹಾಕಿ ಬಿಡುತ್ತಾರೆ. ಹನ್ನೆರಡು ಗಂಟೆಗೆ ಅದೇ ವೇಷದಲ್ಲಿ ಅಂಗಳದ ತುಂಬ ಓಡಾಡಿದ ಕೂಸು ಬೆವರಿ ತೊಯ್ದಿರುತ್ತದೆ, ಸಂಜೆಯ ಗಾಳಿ ಬೀಸುವಾಗ ಮೈಗೆ ಅಂಟಿಕೊಂಡ ಆ ಒದ್ದೆ ಬನಿಯನ್ನಿನಲ್ಲಿಯೇ ನಡುಗುತ್ತದೆ. ನಮ್ಮ ಭಾಗದ ಚಳಿಗಾಲದಲ್ಲಿ ಮಕ್ಕಳಿಗೆ ಆಗುವ ಕಿರಿಕಿರಿಯಲ್ಲಿ ಅರ್ಧದಷ್ಟು ಈ ಅತಿಯಾದ ಹೊದಿಕೆಯಿಂದಲೇ ಬರುತ್ತದೆಂಬುದು ನನ್ನ ಅನುಭವ.

ಉಡುಪನ್ನು ಹೊತ್ತಿಗೆ ತಕ್ಕಂತೆ ಬಿಚ್ಚುವಂತಿರಬೇಕು. ಒಳಗೆ ಹತ್ತಿಯ ಬನಿಯನ್, ಅದರ ಮೇಲೆ ತುಂಬುತೋಳಿನ ತೆಳು ಅಂಗಿ, ಎಲ್ಲಕ್ಕಿಂತ ಮೇಲೆ ಮುಂದೆ ಗುಂಡಿ ಅಥವಾ ಜಿಪ್ ಇರುವ ಸ್ವೆಟರ್ ಇದ್ದರೆ ಸಾಕು. ತಲೆಯ ಮೇಲಿಂದ ಎಳೆದು ತೊಡಿಸುವ ಸ್ವೆಟರ್ ಕೊಳ್ಳಲೇಬೇಡಿರಿ. ಎರಡು ವರ್ಷದ ಕೂಸಿನೊಂದಿಗೆ ದಿನಕ್ಕೆ ಮೂರು ಸಲ ಕುಸ್ತಿ ಹಿಡಿಯುವ ಶಕ್ತಿ ಯಾರಿಗೂ ಇರುವುದಿಲ್ಲ. ಉಣ್ಣೆ ನೇರವಾಗಿ ಚರ್ಮಕ್ಕೆ ತಾಗಿದರೆ ಕುತ್ತಿಗೆಯ ಸುತ್ತ ಕೆಂಪು ಗಂಧೆ ಏಳುತ್ತದೆ, ಆದ್ದರಿಂದ ಒಳಗಿನ ಅಂಗಿಯ ಕಾಲರ್ ಹೊರಗೆ ಬರುವಂತೆ ನೋಡಿಕೊಳ್ಳಿರಿ. ಮಗುವಿಗೆ ಚಳಿಯಾಗುತ್ತಿದೆಯೋ ಸೆಕೆಯಾಗುತ್ತಿದೆಯೋ ಎಂದು ತಿಳಿಯಲು ಅಂಗೈ, ಅಂಗಾಲು ಮುಟ್ಟಿ ನೋಡುವುದು ರೂಢಿಯಾದರೂ ಅವು ಚಿಕ್ಕ ಮಕ್ಕಳಲ್ಲಿ ಸಾಮಾನ್ಯವಾಗಿಯೇ ತಣ್ಣಗಿರುತ್ತವೆ. ಹೆಡಕಿನ (ಕತ್ತಿನ ಹಿಂಭಾಗದ) ಮೇಲೆ, ಅಂಗಿಯ ಒಳಗೆ, ಎರಡು ಬೆರಳಿಟ್ಟು ನೋಡಿರಿ: ಅಲ್ಲಿ ಬೆಚ್ಚಗೆ ಒಣಗಿದ್ದರೆ ಸರಿ, ಜಿಗುಟಾಗಿದ್ದರೆ ಒಂದು ಪದರು ಕಡಿಮೆ ಮಾಡಬೇಕು. ಅಜ್ಜಿ ಹೊಲಿದ ಕುಲಾಯಿ ಬೆಳಗಿನ ಗಾಳಿಗೆ ಬಹಳ ಒಳ್ಳೆಯದು, ಆದರೆ ಗದ್ದದ ಕೆಳಗೆ ಲಾಡಿ ಕಟ್ಟಿರುವ ಕುಲಾಯಿಯಲ್ಲಿ ಮಗುವನ್ನು ಮಲಗಿಸಬಾರದು, ಜಾರುಬಂಡೆಗೂ ಬಿಡಬಾರದು. ಲಾಡಿ ಎಲ್ಲಿಯಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ.

ಸ್ನಾನವನ್ನು ಬೆಳಗಿನ ಏಳರಿಂದ ಹತ್ತೂವರೆ ಅಥವಾ ಹನ್ನೊಂದಕ್ಕೆ ದೂಡಿರಿ. ದಿನಾಲೂ ತಲೆಗೆ ಎರೆಯುವ ಅಗತ್ಯವಿಲ್ಲ, ಒಣಹವೆಯ ದಿನಗಳಲ್ಲಿ ಐದರಿಂದ ಹತ್ತು ನಿಮಿಷದ ಉಗುರುಬೆಚ್ಚಗಿನ ಸ್ನಾನ ಸಾಕು. ಬಿಸಿನೀರು ಹೆಚ್ಚಾದಷ್ಟೂ ಮೈ ಒಡೆಯುವುದು ಹೆಚ್ಚು, ಕಡಲೆಹಿಟ್ಟಿನಿಂದ ತಿಕ್ಕಿದರಂತೂ ಚರ್ಮದಲ್ಲಿರುವ ಅಲ್ಪ ಜಿಡ್ಡೂ ಹೋಗುತ್ತದೆ. ಮೈಯೊರಸಿದ ಕೂಡಲೇ, ಚರ್ಮ ಇನ್ನೂ ಪೂರ್ತಿ ಒಣಗುವ ಮುನ್ನ, ಕೊಬ್ಬರಿ ಎಣ್ಣೆಯನ್ನಾಗಲಿ ಸುವಾಸನೆಯಿಲ್ಲದ ಯಾವುದೇ ಸಾದಾ ಕ್ರೀಮನ್ನಾಗಲಿ ಹಚ್ಚಿದರೆ ಆ ತೇವ ಒಳಗೇ ಉಳಿಯುತ್ತದೆ. ಕೆನ್ನೆ, ಮೊಣಕಾಲು ಮತ್ತು ಹಿಮ್ಮಡಿಗೆ ರಾತ್ರಿ ಮಲಗುವಾಗ ಇನ್ನೊಮ್ಮೆ ಹಚ್ಚಬೇಕು.

ಬಚ್ಚಲುಮನೆಯಲ್ಲಿ ನಿಜವಾಗಿ ಹೆದರಬೇಕಾದದ್ದು ಬೇರೆ. ಹಂಡೆಯ ನೀರು ಕುದಿಯುವ ಹತ್ತಿರಕ್ಕೆ ಹೋಗಿರುತ್ತದೆ. ಚಳಿಗಾಲದ ನಿಚ್ಚಳ ಆಕಾಶದಡಿ ಸೋಲಾರ್ ನೀರೂ 60 ಡಿಗ್ರಿಯನ್ನು ಸುಲಭವಾಗಿ ಮುಟ್ಟುತ್ತದೆ, ಅಷ್ಟು ಬಿಸಿ ಕೂಸಿನ ಎಳೆಯ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡಬಲ್ಲದು. ನಾನು ಒಮ್ಮೆ ಬಕೆಟ್ಟಿಗೆ ಮೊದಲು ಬಿಸಿನೀರು ಬಿಟ್ಟು, ತಣ್ಣೀರಿನ ತಂಬಿಗೆ ತರಲು ತಿರುಗಿದ್ದೆ, ಅಷ್ಟರಲ್ಲಿ ಮಗಳು ಬಕೆಟ್ಟಿನ ಅಂಚು ಹಿಡಿದು ನಾಲ್ಕು ಬೆರಳು ಅದ್ದಿದಳು. ಗುಳ್ಳೆ ಏಳಲಿಲ್ಲವಾದರೂ ಆ ಚೀರು ಈಗಲೂ ಕಿವಿಯಲ್ಲಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಕೈಯಿಂದ ಚೆನ್ನಾಗಿ ಕಲಕಿದ ಮೇಲೆ ಮೊಣಕೈ ಅದ್ದಿ ನೋಡುವುದು, ಅದಾದ ನಂತರವೇ ಮಗು ಬಚ್ಚಲಿಗೆ ಬರುವುದು ಎಂಬ ಕ್ರಮ ತಪ್ಪಿಲ್ಲ. ಅಕಸ್ಮಾತ್ ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರಿನ ಧಾರೆ ಬಿಡಬೇಕು. ಟೂತ್‌ಪೇಸ್ಟ್, ಶಾಯಿ, ಬರ್ಫ ಯಾವುದೂ ಬೇಡ. ನಮ್ಮ ಊರಿನಲ್ಲಿ ಇನ್ನೊಂದು ಸಂಗತಿಯೂ ಇದೆ. ಮಲಪ್ರಭೆಯ ನೀರು ಎಷ್ಟೋ ಓಣಿಗಳಿಗೆ ಹಲವು ದಿನಗಳಿಗೊಮ್ಮೆ ಬರುವುದರಿಂದ ಬಚ್ಚಲಿನಲ್ಲಿ ತುಂಬಿದ ಬಕೆಟ್ಟು, ಡ್ರಮ್ಮುಗಳು ಸಾಲಾಗಿ ನಿಂತಿರುತ್ತವೆ. ತಲೆಭಾರದ ಕೂಸು ಬಕೆಟ್ಟಿನೊಳಗೆ ಬಗ್ಗಿ ತಲೆಕೆಳಗಾದರೆ ಗೇಣು ನೀರೂ ಜೀವ ತೆಗೆಯಬಹುದು. ಡ್ರಮ್ಮಿಗೆ ಮುಚ್ಚಳ, ಬಚ್ಚಲಿನ ಬಾಗಿಲಿಗೆ ಮೇಲಿನ ಚಿಲಕ ಇರಲೇಬೇಕು. ಗ್ಯಾಸ್ ಗೀಸರ್ ಬಚ್ಚಲಿನೊಳಗೇ ಇರುವ ಮನೆಯವರು ನೀರನ್ನು ಮೊದಲೇ ಬಕೆಟ್ಟಿಗೆ ತುಂಬಿಸಿ, ಗೀಸರ್ ಆರಿಸಿ, ಕಿಟಕಿ ತೆರೆದು ಗಾಳಿ ಆಡಿಸಿದ ಮೇಲಷ್ಟೇ ಮಗುವನ್ನು ಒಳಗೆ ಕರೆಯಬೇಕು.

ಎಳೆಬಿಸಿಲಿಗೆ ಕೂಡಿಸಿದರೆ ವಿಟಮಿನ್ ಡಿ ಸಿಗುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಎಳೆಬಿಸಿಲಿನಲ್ಲಿ ಮೈ ಕಾಯುತ್ತದೆ, ಹಿತವೆನಿಸುತ್ತದೆ. ಆದರೆ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಕಿರಣಗಳು ಹೊತ್ತು ಮೇಲೇರಿದ ನಂತರ, ಹತ್ತು ಗಂಟೆಯಿಂದ ಮೂರು ಗಂಟೆಯ ನಡುವೆ ಹೆಚ್ಚು ಬರುತ್ತವೆ, ಗಾಜಿನ ಕಿಟಕಿಯೊಳಗಿನಿಂದ ಅವು ದಾಟುವುದಿಲ್ಲ. ಚಳಿಗಾಲದ ಹನ್ನೊಂದರ ಬಿಸಿಲು ಸುಡುವಂಥದಲ್ಲ, ಹಾಗಾಗಿ ಸ್ನಾನದ ನಂತರ ಕೈಕಾಲು ತೆರೆದಿಟ್ಟು ಸ್ವಲ್ಪ ಹೊತ್ತು ಅಂಗಳದಲ್ಲಿ ಆಡಲು ಬಿಡುವುದು ಮೈ ಕಾಯಲೂ ವಿಟಮಿನ್ ಡಿಗೂ ಅನುಕೂಲ. ಹುಬ್ಬಳ್ಳಿಯ ಧೂಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಮಳೆ ನಿಂತು ಒಣಗಿದ ರಸ್ತೆಯ ಧೂಳು ಸಂಜೆಯ ತಣ್ಣನೆಯ ಗಾಳಿಯಲ್ಲಿ ಕೆಳಗೇ ನಿಲ್ಲುತ್ತದೆ, ಕೂಸಿನ ಮೂಗು ಇರುವುದೂ ಅಷ್ಟೇ ಎತ್ತರದಲ್ಲಿ. ಉಣಕಲ್ ಕೆರೆಯ ದಂಡೆಗಾಗಲಿ, ಸಾಧನಕೇರಿಗಾಗಲಿ, ಗದಗಿನವರು ಭೀಷ್ಮ ಕೆರೆಯ ಕಡೆಗಾಗಲಿ ಹೋಗುವುದಿದ್ದರೆ ಐದೂವರೆಯೊಳಗೆ ಮನೆ ಸೇರುವುದು ಒಳ್ಳೆಯದು.

ಬೈಕಿನ ಟ್ಯಾಂಕಿನ ಮೇಲೆ ಕೂಸನ್ನು ಕೂಡಿಸಿಕೊಂಡು ಬೆಳಗಿನ ಗಾಳಿಗೆ ಎದುರಾಗಿ ಹೋಗುವವರನ್ನು ದಿನಾಲೂ ನೋಡುತ್ತೇನೆ. ದೊಡ್ಡವರಿಗೆ ಅದೇ ಮಗು ಗಾಳಿತಡೆಯಾಗಿರುತ್ತದೆ! ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ ಮತ್ತು ಸವಾರನಿಗೆ ಬಿಗಿಯುವ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂದು 2022ರಲ್ಲಿ ಹೊರಡಿಸಿದ ಕೇಂದ್ರದ ನಿಯಮವೇ ಇದೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋಗುವವರು ಏಸಿಯನ್ನು ಮರೆಯಬಾರದು. ಮಧ್ಯಾಹ್ನದ ಬಿಸಿಲಿನಲ್ಲಿ ಬಿಚ್ಚಿದ ಸ್ವೆಟರ್ ಚೀಲದ ಮೇಲ್ಭಾಗದಲ್ಲಿಯೇ ಇರಲಿ.

ಊಟದ ವಿಷಯದಲ್ಲಿ ನಮ್ಮ ಸೀಮೆ ಪುಣ್ಯ ಮಾಡಿದೆ. ತುಪ್ಪ ಹಾಕಿದ ಹೆಸರುಬೇಳೆಯ ಕಿಚಡಿ, ಜೋಳದ ನುಚ್ಚು, ರಾಗಿ ಅಂಬಲಿ, ಬಿಸಿ ರೊಟ್ಟಿಯನ್ನು ಹಾಲಿನಲ್ಲಿಯೋ ಬೇಳೆಯ ಸಾರಿನಲ್ಲಿಯೋ ಮೆತ್ತಗೆ ಕಿವುಚಿದ ಮುದ್ದಿ, ಇವಕ್ಕಿಂತ ಬೇರೆ ಚಳಿಗಾಲದ ಆಹಾರ ಹುಡುಕಬೇಕಿಲ್ಲ. ಬಾಳೆಹಣ್ಣು, ಕಿತ್ತಳೆ ಕೊಟ್ಟರೆ ನೆಗಡಿಯಾಗುತ್ತದೆಂದು ಮೂರು ತಿಂಗಳು ಹಣ್ಣನ್ನೇ ನಿಲ್ಲಿಸುವ ಮನೆಗಳಿವೆ; ನೆಗಡಿ ಬರುವುದು ವೈರಸ್ಸಿನಿಂದ, ಹಣ್ಣಿನ ಮೇಲೆ ಆ ಆರೋಪ ಹೊರಿಸುವುದು ಅನ್ಯಾಯ. ಬಾಯಾರಿಕೆ ಕಡಿಮೆಯಾಗುವ ಈ ದಿನಗಳಲ್ಲಿ ಮಕ್ಕಳು ನೀರು ಕೇಳುವುದಿಲ್ಲ, ಮಲ ಗಟ್ಟಿಯಾಗುತ್ತದೆ, ಆದ್ದರಿಂದ ಉಗುರುಬೆಚ್ಚಗಿನ ನೀರನ್ನು ತಾಸಿಗೊಮ್ಮೆ ನಾಲ್ಕು ಗುಟುಕು ನಾವಾಗಿಯೇ ಕುಡಿಸಬೇಕು. ಬಿಸಿಹಾಲು ಎಷ್ಟು ಕುಡಿದರೂ ಒಳ್ಳೆಯದೆಂಬುದೂ ತಪ್ಪು, ದಿನಕ್ಕೆ ಅರ್ಧ ಲೀಟರ್ ಮೀರಿದರೆ ಹಸಿವು ಸತ್ತು ಕಬ್ಬಿಣದ ಅಂಶ ಕಡಿಮೆಯಾಗುತ್ತದೆ.

ಅಪಾಯವಿರುವುದು ಸುಗ್ಗಿಯ ತಿಂಡಿಗಳಲ್ಲಿ. ಎಳ್ಳಮಾವಾಸ್ಯೆಗೆ ಚರಗ (ಭೂತಾಯಿಗೆ ಎಡೆ) ಚೆಲ್ಲಲು ಹೊಲಕ್ಕೆ ಹೋದಾಗ ಸುಲಗಾಯಿ (ಹಸಿ ಕಡಲೆ), ಹುರಿದ ಶೇಂಗಾ, ಸೀತನಿಗಳು (ಎಳೆ ಜೋಳದ ಕಾಳು) ಎಲ್ಲರ ಕೈಯಲ್ಲಿರುತ್ತವೆ, ಕೂಸೂ ಕೈಚಾಚುತ್ತದೆ. ದವಡೆ ಹಲ್ಲು ಪೂರ್ತಿ ಬರದ ಮಗುವಿನ ಶ್ವಾಸನಾಳಕ್ಕೆ ಇಡೀ ಶೇಂಗಾ ಕಾಳು ಜಾರುವುದು ಬಹಳ ಸುಲಭ. ಶೇಂಗಾ, ಕಡಲೆ, ಪುಠಾಣಿಗಳನ್ನು ಪುಡಿ ಮಾಡಿ ಕಲಸಿ ಕೊಡಿರಿ, ನಾಲ್ಕೈದು ವರ್ಷವಾಗುವವರೆಗೆ ಇಡೀ ಕಾಳು ಬೇಡವೇ ಬೇಡ. ಸಂಕ್ರಾಂತಿಯ ಸಮಯಕ್ಕೆ ಕೆಲವು ಮನೆಗಳಲ್ಲಿ ಚಿಕ್ಕ ಮಕ್ಕಳಿಗೆ ಕರಿ ಎರೆಯುವ ಪದ್ಧತಿಯಿದೆ: ಕೂಸನ್ನು ಮಣೆಯ ಮೇಲೆ ಕೂಡಿಸಿ, ಕುಸುರೆಳ್ಳಿನ ಆಭರಣ ತೊಡಿಸಿ, ಬಾರಿಹಣ್ಣು, ಕಬ್ಬಿನ ತುಂಡು, ಚುರುಮುರಿ, ಚಿಲ್ಲರೆ ನಾಣ್ಯಗಳನ್ನು ತಲೆಯ ಮೇಲಿಂದ ಸುರಿಯುತ್ತಾರೆ, ಓಣಿಯ ಮಕ್ಕಳೆಲ್ಲ ಮುಗಿಬಿದ್ದು ಆರಿಸಿಕೊಳ್ಳುತ್ತಾರೆ. ನೋಡಲು ಇಷ್ಟು ಚಂದದ ಆಚರಣೆ ಮತ್ತೊಂದಿಲ್ಲ, ಆದರೆ ಆ ಸಾಮಾನಿನಲ್ಲಿ ಮುಕ್ಕಾಲು ಪಾಲು ಗಂಟಲಿಗೆ ಸಿಕ್ಕಿಕೊಳ್ಳುವಂಥದೇ. ನಾವು ನಾಣ್ಯವನ್ನು ಪೂರ್ತಿ ಬಿಟ್ಟು, ಚುರುಮುರಿಯನ್ನು ಹೆಚ್ಚಿಗೆ ಮಾಡಿ, ಬಾರಿಹಣ್ಣನ್ನು ಶಾಸ್ತ್ರಕ್ಕೆ ಐದೇ ಹಾಕಿ ಎಣಿಸಿ ತೆಗೆದುಕೊಂಡೆವು; ಕುಸುರೆಳ್ಳಿನ ಹಾರವನ್ನು ಫೋಟೋ ತೆಗೆದ ಕೂಡಲೇ ಬಿಚ್ಚಿದೆವು. ಮರುದಿನ ಕಸ ಹೊಡೆಯುವಾಗ ಕಪಾಟಿನ ಕೆಳಗೆ ಆರನೆಯ ಬಾರಿಬೀಜ ಸಿಕ್ಕಿತು, ಅದು ಎಲ್ಲಿಂದ ಬಂತೋ ಯಾರೂ ಒಪ್ಪಿಕೊಳ್ಳಲಿಲ್ಲ. ವರ್ಷ ದಾಟಿದ ಮಗುವಿಗೆ ಏನಾದರೂ ಸಿಕ್ಕಿಕೊಂಡು ಕೆಮ್ಮಲೂ ಅಳಲೂ ಆಗದಿದ್ದರೆ ಮುಂದಕ್ಕೆ ಬಗ್ಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಯಿಂದ ಐದು ಸಲ ಬಲವಾಗಿ ಬಡಿಯಬೇಕು. ಬಾರದಿದ್ದರೆ ಹಿಂದಿನಿಂದ ಅಪ್ಪಿ, ಹೊಕ್ಕಳ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಐದು ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು. ವಸ್ತು ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದರಂತೆ ಮುಂದುವರಿಸುತ್ತ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳು ತಿರುವಬಾರದು.

ರಾತ್ರಿ ಕೋಣೆ ಬೆಚ್ಚಗಾಗಲೆಂದು ಇದ್ದಿಲಿನ ಶೇಗಡಿಯನ್ನು ಒಳಗಿಟ್ಟು ಬಾಗಿಲು ಮುಚ್ಚುವುದು ಪ್ರಾಣಕ್ಕೆ ಎರವಾಗಬಹುದು. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಲೋಬಾನದ ಹೊಗೆಯೂ ಎಳೆಯ ಶ್ವಾಸಕೋಶಕ್ಕೆ ಹೊಗೆಯೇ. ಎರಡು ಸೀರೆಯ ಪದರಿನ ಹಳೆಯ ಕೌದಿ ಈ ಚಳಿಗೆ ಧಾರಾಳವಾಯಿತು, ಅದನ್ನೂ ಎದೆಯ ಮಟ್ಟಕ್ಕೆ ಹೊದಿಸಿರಿ. ಕೂಸು ಒದ್ದು ತೆಗೆದೇ ತೆಗೆಯುತ್ತದೆ, ಆದ್ದರಿಂದ ಕಾಲು ಮುಚ್ಚುವ ಪೈಜಾಮ ಹಾಕಿ ನೀವೂ ನಿದ್ರೆ ಮಾಡಿರಿ.

ಇಷ್ಟೆಲ್ಲ ಮಾಡಿದರೂ ನೆಗಡಿ ಬರುತ್ತದೆ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಬರುವುದು ಸಹಜ, ಹತ್ತು ದಿನದಲ್ಲಿ ಮೂಗು ಸರಿಹೋದರೂ ಕೆಮ್ಮು ಎರಡು ಮೂರು ವಾರ ಎಳೆಯಬಹುದು. ಮೂಗು ಕಟ್ಟಿದರೆ ಊಟಕ್ಕೆ ಮತ್ತು ನಿದ್ರೆಗೆ ಮುಂಚೆ ಸಲೈನ್ ಹನಿ ಹಾಕಿರಿ. ವರ್ಷ ತುಂಬಿದ ಮಗುವಿಗೆ ಮಲಗುವಾಗ ಅರ್ಧ ಚಮಚ ಜೇನುತುಪ್ಪ ಕೆಮ್ಮಿಗೆ ಹಿತ, ವರ್ಷದೊಳಗಿನ ಕೂಸಿಗೆ ಅದನ್ನು ನೆಕ್ಕಿಸಲೂಬಾರದು. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆಗೆ ತಿಕ್ಕುವ ಮನೆಮದ್ದನ್ನು ಎರಡು ವರ್ಷದೊಳಗಿನವರಿಗೆ ಬಿಟ್ಟುಬಿಡಿರಿ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಕೆಮ್ಮಿನ ಸಿರಪ್ಪನ್ನು ಔಷಧಿ ಅಂಗಡಿಯಲ್ಲಿ ಕೇಳಿ ತರುವ ಅಭ್ಯಾಸವನ್ನಂತೂ ಪೂರ್ತಿ ನಿಲ್ಲಿಸಬೇಕು. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆತ ಔಷಧಿಯನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಬಾಟಲಿಯ ಮೇಲೆ ಬರೆಯಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲಿಯೇ ಸೂಚಿಸಿದ್ದಾರೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿಯನ್ನು ಬರೆದುಕೊಡಲೇಬಾರದು, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ ಎಂದು 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹೇಳಿದೆ. ಜ್ವರದ ಪ್ಯಾರಾಸಿಟಮಾಲ್‌ನಲ್ಲಿಯೂ ಒಂದು ಎಡವಟ್ಟು ಮೇಲಿಂದ ಮೇಲೆ ಆಗುತ್ತದೆ: ಹನಿಯ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇದ್ದರೆ, ಸಿರಪ್‌ನಲ್ಲಿ ಐದು ಮಿಲಿಲೀಟರಿಗೆ 120 ಅಥವಾ 250 ಇರುತ್ತದೆ. ಸಿರಪ್ಪಿನ ಅಳತೆಯಲ್ಲಿ ಹನಿಯ ಔಷಧಿ ಕುಡಿಸಿದರೆ ಪ್ರಮಾಣ ಎರಡರಿಂದ ನಾಲ್ಕು ಪಟ್ಟಾಗುತ್ತದೆ. ಮಗುವಿನ ತೂಕಕ್ಕೆ ಎಷ್ಟೆಂದು ವೈದ್ಯರಿಂದ ಬರೆಸಿಕೊಂಡು ಆ ಚೀಟಿಯನ್ನು ಬಾಟಲಿಗೇ ಅಂಟಿಸಿರಿ.

ಕೆಮ್ಮು ಎಷ್ಟು ಜೋರಾಗಿದೆ ಎಂಬುದಕ್ಕಿಂತ ಉಸಿರು ಎಷ್ಟು ವೇಗವಾಗಿದೆ ಎಂಬುದನ್ನು ನೋಡಲು ಕಲಿಯಬೇಕು. ಮಗು ಮಲಗಿರುವಾಗ ಅಥವಾ ಶಾಂತವಾಗಿರುವಾಗ ಅಂಗಿಯನ್ನು ಎತ್ತಿ, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಹೊಟ್ಟೆ ಏರಿ ಇಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿರಿ. ಅರ್ಧ ನಿಮಿಷ ಎಣಿಸಿ ದ್ವಿಗುಣ ಮಾಡಬೇಡಿರಿ, ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಒಂದರಿಂದ ಐದು ವರ್ಷದ ಮಗುವಿನಲ್ಲಿ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ, ತುಟಿ ನೀಲಿಯಾದರೆ, ನೀರೂ ಕುಡಿಯದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ ಅಥವಾ ಫಿಟ್ಸ್ ಬಂದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ, ಹುಬ್ಬಳ್ಳಿಯವರು ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಸರಕಾರಿ ಆಸ್ಪತ್ರೆಗೆ, ಗದಗ ಮತ್ತು ಹಾವೇರಿಯವರು ತಮ್ಮ ಜಿಲ್ಲಾಸ್ಪತ್ರೆಗೆ ಹೊರಡಬೇಕು. ಕೂಸನ್ನು ಕೌದಿಯಲ್ಲಿ ಬಿಗಿಯಾಗಿ ಸುತ್ತದೆ, ಎದೆ ಕಾಣುವಂತೆ ತೊಡೆಯ ಮೇಲೆ ಎತ್ತರಕ್ಕೆ ಕೂಡಿಸಿಕೊಳ್ಳಿರಿ. ಲಸಿಕೆಯ ತಾಯಿಕಾರ್ಡ್, ಅಲ್ಲಿಯವರೆಗೆ ಕೊಟ್ಟ ಔಷಧಿಗಳ ಬಾಟಲಿಗಳು, ನೀವು ಎಣಿಸಿದ ಉಸಿರಿನ ಸಂಖ್ಯೆ ಮತ್ತು ಎಣಿಸಿದ ಹೊತ್ತು ಬರೆದ ಚೀಟಿ, ಇವು ಕೈಚೀಲದಲ್ಲಿರಲಿ.