ಬುತ್ತಿ ಚಿತ್ರಾನ್ನ: ಹಂಡೆ ಬಿಟ್ಟು ಪರಾತಕ್ಕೆ ಬಂದದ್ದು

ಹುಬ್ಬಳ್ಳಿಯಲ್ಲಿ ಮದುವೆ ಅಡುಗೆ ಗುತ್ತಿಗೆ ಹಿಡಿಯುವವನು ನಾನು. ದಿಬ್ಬಣದ ಬಸ್ಸಿಗೆ ಚಿತ್ರಾನ್ನದ ಬುತ್ತಿ ಹೇಗೆ ಕಟ್ಟುತ್ತೇವೆ ಅಂತ ನಿಮಗೆ ಹೇಳಬೇಕಿಲ್ಲ. ರಾತ್ರಿ ಒಂಬತ್ತಕ್ಕೆ ಅನ್ನ, ಹಂಡೆ ಮೇಲೆ ಬಟ್ಟೆ, ನಸುಕಿನಲ್ಲಿ ಒಗ್ಗರಣೆ. ಹದಿನೈದು ವರ್ಷ ನಾನೂ ಹಾಗೇ ಮಾಡಿದೆ, ಏನೂ ಆಗಲಿಲ್ಲ.

ಮೂರು ವರ್ಷದ ಹಿಂದೆ ಆಯ್ತು. ದಾವಣಗೆರೆಗೆ ಹೊರಟ ಬಸ್ಸು, ಬಂಕಾಪುರದ ಹತ್ತಿರ ಬುತ್ತಿ ಬಿಚ್ಚಿದರು. ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ಹನ್ನೆರಡು-ಹದಿಮೂರು ಮಂದಿಗೆ ವಾಂತಿ. ಸಂಜೆಗೆ ಎಲ್ಲರೂ ಹುಷಾರಾದರು, ಆದರೆ ಬೀಗರ ಮುಂದೆ ಮಾನ ಹೋಯ್ತು. ಬಾಕಿ 35 ಸಾವಿರ ಬರಲಿಲ್ಲ. ಕೇಳೋಕೆ ಮುಖವೂ ಇರಲಿಲ್ಲ.

ಒಗ್ಗರಣೆಯಲ್ಲಿ ಅನ್ನ ಹೊಗೆಯಾಡುವಂತೆ ಬಿಸಿ ಮಾಡಿದ್ದೆ. ಕ್ರಿಮಿ ಸತ್ತಿರಬೇಕಲ್ವಾ? ಅಣ್ಣನ ಮಗಳು ಧಾರವಾಡದಲ್ಲಿ ಮೈಕ್ರೋಬಯಾಲಜಿ ಓದುತ್ತಿದ್ದಳು. "ಕಾಕಾ, ಕ್ರಿಮಿ ಸತ್ತಿರಬಹುದು. ಅದು ಬಿಟ್ಟ ವಿಷ ಹೋಗಂಗಿಲ್ಲ" ಅಂದಳು. ಪರೀಕ್ಷೆಗೆ ಕೊಡೋಕೆ ಅನ್ನ ಉಳಿದಿರಲಿಲ್ಲ. ಜ್ವರ ಇಲ್ಲದೆ ಅಷ್ಟು ಬೇಗ ವಾಂತಿ, ಅದೂ ಅನ್ನ ತಿಂದು ಅಂದರೆ ಬ್ಯಾಸಿಲಸ್ ಸೀರಿಯಸ್ ಅನ್ನೋ ಕ್ರಿಮಿ ಇರಬೇಕು ಅನ್ನೋದು ಅವಳ ಲೆಕ್ಕ. ಅಕ್ಕಿಯಲ್ಲೇ ಅದರ ಸ್ಪೋರ್, ಅಂದರೆ ಗಟ್ಟಿ ಕವಚದ ಬೀಜದಂಥ ರೂಪ, ಇರುತ್ತದೆ, ಕುದಿಸಿದರೂ ಬದುಕುತ್ತದೆ. ಬೆಚ್ಚಗಿನ ಅನ್ನದಲ್ಲಿ ಮೊಳೆತು ಸೀರ್ಯುಲೈಡ್ ಅನ್ನೋ ವಿಷ ಮಾಡುತ್ತದೆ. ಅದು 121 ಡಿಗ್ರಿಯಲ್ಲಿ ಒಂದೂವರೆ ತಾಸು ಕಾಯಿಸಿದರೂ ಜಗ್ಗೋದಿಲ್ಲ. ನಮ್ಮ ಒಗ್ಗರಣೆ ಯಾವ ಲೆಕ್ಕ!

ಹಾಗಾದರೆ ಹದಿನೈದು ವರ್ಷ ಯಾಕೆ ಆಗಲಿಲ್ಲ? ಈ ವಿಷ ಮಾಡುವ ಜೀನ್‌ಗಳು ಕ್ರಿಮಿಯ ಮುಖ್ಯ ಡಿಎನ್‌ಎಯಲ್ಲಿ ಇಲ್ಲವಂತೆ. ಪ್ಲಾಸ್ಮಿಡ್ ಅಂತ ಬೇರೆಯೇ ಒಂದು ಉಂಗುರದಲ್ಲಿವೆ, ಅದು ಎಲ್ಲಾ ಸೀರಿಯಸ್ ಕ್ರಿಮಿಗಳ ಹತ್ತಿರ ಇರುವುದಿಲ್ಲ. ದನಕ್ಕೂ ಮನುಷ್ಯರಿಗೂ ಬರುವ ಮಾರಕ ರೋಗ ಆಂಥ್ರಾಕ್ಸ್, ಅದರ ಕ್ರಿಮಿಯ ಪ್ಲಾಸ್ಮಿಡ್‌ಗೆ ಇದು ದಾಯಾದಿ ಅಂದಾಗ ಮೈ ಜುಂ ಅಂತು. ಇದೇ ಕ್ರಿಮಿಯ, ಭೇದಿ ಮಾಡಿಸುವ ಇನ್ನೊಂದು ವಿಷದ್ದು ಬೇರೆ ಜೀನ್, ಆ ವಿಷ ಕಾಸಿದರೆ ಕೆಡುತ್ತದೆ. ಅಂದರೆ ಅಷ್ಟು ವರ್ಷ ನನ್ನದು ಸುಮ್ನೆ ನಸೀಬು.

ಮುನ್ನೂರು ರೂಪಾಯಿ ಕೊಟ್ಟು ಚುಚ್ಚುವ ಥರ್ಮಾಮೀಟರ್ ತಂದೆ. ರಾತ್ರಿ ಮಾಡಿದ ಅನ್ನದ ಹಂಡೆಯಲ್ಲಿ ನಸುಕಿನ ಐದಕ್ಕೆ ಕೈ ಇಳಿಸಿದರೆ ಒಳಗೆ ಕಾವಿಗೆ ಕೂತ ಕೋಳಿಯ ಹೊಟ್ಟೆಯ ಹಾಗೆ ಬೆಚ್ಚಗೆ. ನಡುವೆ 48 ಡಿಗ್ರಿ, ಅಂಚಿಗೆ 30ರ ಆಸುಪಾಸು. ಕ್ರಿಮಿಗೆ ಹಾಸಿಗೆ ಹಾಸಿಕೊಟ್ಟಿದ್ದೆ.

ಮೊದಲು ಧೋತರದ ಮೇಲೆ ಹರವಿದೆ. ಧೋತರದ ವಾಸನೆ ಹಿಡೀತು. ಹಂಡೆಯ ಸುತ್ತ ಐಸ್ ಇಟ್ಟೆ. ಸಾವಿರ ರೂಪಾಯಿ ಐಸ್ ಕರಗಿತು, ನಡುವಿನ ಬಿಸಿ ಕದಲಲಿಲ್ಲ. ಹುಳಿ ಇದ್ದರೆ ಕ್ರಿಮಿ ಬೆಳೆಯೋದಿಲ್ಲ ಅಂತ ಕೇಳಿ ಬಿಸಿ ಅನ್ನಕ್ಕೇ ಲಿಂಬೆಹಣ್ಣು ಹಿಂಡಿದೆ. ಕಹಿ! ಎಂಟು ಕಿಲೋ ಅಕ್ಕಿಯ ಅನ್ನ ದನಕ್ಕೆ ಹೋಯ್ತು.

ಕೊನೆಗೆ ಹೊತ್ತನ್ನೇ ಬದಲಿಸಿದೆ. ಈಗ ಅನ್ನ ಮಾಡೋದು ರಾತ್ರಿ ಎರಡೂವರೆಗೆ. ಬಸಿದ ಕೂಡಲೇ ಸ್ಟೀಲ್ ಪರಾತದಲ್ಲಿ (ಅಗಲ ತಟ್ಟೆ) ಎರಡು ಬೆರಳು ದಪ್ಪಕ್ಕಿಂತ ಜಾಸ್ತಿ ಆಗದಂತೆ ಹರವಿ, ಎರಡು ಫ್ಯಾನ್ ಹಚ್ಚಿ, ಹತ್ತು ನಿಮಿಷಕ್ಕೊಮ್ಮೆ ತಿರುವುತ್ತೇನೆ. ನಲವತ್ತು ನಿಮಿಷಕ್ಕೆ 30ಕ್ಕೆ ಇಳಿಯುತ್ತದೆ. ಆಮೇಲೆ ಆರಿದ ಒಗ್ಗರಣೆ, ಲಿಂಬೆ. ಐದಕ್ಕೆ ಬುತ್ತಿ ರೆಡಿ, ಎಂಟರೊಳಗೆ ತಿನ್ನಬೇಕು ಅಂತ ಬಸ್ಸಿನ ಯಜಮಾನರಿಗೆ ಎರಡೆರಡು ಸಲ ಹೇಳುತ್ತೇನೆ. ಗಾಳಿಗೆ ಅನ್ನದ ಮೇಲ್ಪದರ ಬಿರುಸಾಗದಂತೆ ಒಂದು ಉಪಾಯ ಮಾಡುತ್ತೇನೆ. ಅದನ್ನ ಇಲ್ಲಿ ಹೇಳೋಲ್ಲ, ಹೊಟ್ಟೆಪಾಡು.

ನಲವತ್ತು ಕಿಲೋ ಅಕ್ಕಿಗೆ 24 ಪರಾತ, ಹದಿನೇಳು ಸಾವಿರದ ಹತ್ತಿರ ಬಿತ್ತು. ನಿದ್ದೆಗೆಟ್ಟ ಹುಡುಗರಿಗೆ ತಲೆಗೆ ಇನ್ನೂರು ಜಾಸ್ತಿ. "ಹಂಡೆ ಅನ್ನ ತಿಂದೇ ನಮ್ಮ ಅಜ್ಜ ತೊಂಬತ್ತು ವರ್ಷ ಬಾಳಿದ, ನಿಂದೇನಪಾ ಹುಚ್ಚಾಟ?" ಅಂತ ಜೊತೆಯವರು ನಕ್ಕರು. ಇಲ್ಲಿವರೆಗೆ ಇನ್ನೂರು ಬಸ್ಸಿನ ಮೇಲಾಯ್ತು, ಒಂದು ದೂರಿಲ್ಲ. ಈ ಸುಗ್ಗಿಯಲ್ಲಿ ಆ ನಕ್ಕವರಲ್ಲೇ ಒಬ್ಬ ಪರಾತ ಬಾಡಿಗೆಗೆ ಕೇಳಿದ. ಹತ್ತು ರೂಪಾಯಿಗೊಂದು ಕೊಟ್ಟೆ. ಎರಡು ಪರಾತ ಸೊಟ್ಟ ಮಾಡಿ ತಂದಿದ್ದಾನೆ.