ಬುಲೆಟ್ ಓಡಿಸಿದವನಿಗೂ ಎಲ್ ಬೋರ್ಡ್: ಬ್ರಿಟನ್ನಿನಲ್ಲಿ ಬೈಕ್ ಲೈಸನ್ಸ್

ಹೋದ ಸಲ ರಜೆಗೆ ದಾವಣಗೆರೆಗೆ ಬಂದಿದ್ದಾಗ ಅಕ್ಕನ ಮಗ ಬೆಣ್ಣೆ ದೋಸೆ ತಿನ್ನಿಸಲು ಕರೆದುಕೊಂಡು ಹೋದ. ಅವನ ಬುಲೆಟ್ಟಿನ ಹಿಂದೆ ಕೂತು ಪಿ.ಬಿ. ರೋಡ್ ದಾಟುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಹೆಲ್ಮೆಟ್ ಅವನ ತಲೆ ಮೇಲೆ ಇರಲಿಲ್ಲ, ಮೊಣಕೈಗೆ ಸಿಕ್ಕಿಸಿಕೊಂಡಿದ್ದ. ವಯಸ್ಸು 22. ಎಂಎಸ್ಸಿ ಓದಲು ಇಂಗ್ಲೆಂಡಿಗೆ ಹೊರಟಿದ್ದಾನೆ. ದೋಸೆ ಬರುವ ಮುಂಚೆಯೇ ಶುರು ಮಾಡಿದ.

"ಮಾಮ, ನನ್ನ ಡಿಎಲ್ ಅಲ್ಲಿ ನಡೆಯುತ್ತೆ ಅಲ್ವಾ? ಹೋದ ತಕ್ಷಣ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡುಬಿಡ್ತೀನಿ."

"ನಡೆಯುತ್ತೆ ಅಳಿಯಾ, ಒಂದು ವರ್ಷ. ಆಮೇಲೆ ನೀನು ಎಲ್‌ಕೆಜಿ" ಅಂದೆ. ಅವನು ನಕ್ಕ. ನಾನು ತಮಾಷೆಗೆ ಹೇಳಿದ್ದಲ್ಲ.

ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರಕ್ಕೂ ಹೊಂದುತ್ತದೆ. ಉತ್ತರ ಐರ್ಲೆಂಡಿನ ನಿಯಮ ಬೇರೆ, ಅಲ್ಲಿಗೆ ಹೋಗುವವರು ಅಲ್ಲಿಯದನ್ನೇ ವಿಚಾರಿಸಿಕೊಳ್ಳಿ.

ಮೊದಲು ಆ ಒಂದು ವರ್ಷದ ಮಾತು. ನಿಮ್ಮ ಕರ್ನಾಟಕದ ಡಿಎಲ್‌ನಲ್ಲಿ ಗೇರ್ ಇರುವ ಮೋಟಾರ್ ಸೈಕಲ್ ಅಂತ ಇದ್ದರೆ, ಬ್ರಿಟನ್ನಿನಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಅದರ ಮೇಲೆ ಬೈಕ್ ಓಡಿಸಬಹುದು. ಅಲ್ಲಿಗೆ ಮುಗಿಯಿತು. ಆಸ್ಟ್ರೇಲಿಯಾ, ಜಪಾನ್, ಸಿಂಗಪುರದವರು ತಮ್ಮ ಲೈಸನ್ಸ್ ಕೊಟ್ಟು ಅಲ್ಲಿಯದನ್ನು ಪಡೆಯಬಹುದು. ನಮ್ಮ ದೇಶ ಆ ಪಟ್ಟಿಯಲ್ಲಿ ಇಲ್ಲ. ನಡುವೆ ಊರಿಗೆ ಹೋಗಿ ಬಂದರೆ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತದೆ ಎಂದು ನಮ್ಮವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅಲ್ಲೇ ನೆಲೆಸಿದವರಿಗೆ ಹಾಗೇನೂ ಇಲ್ಲ.

ನಾನು ಮಾಡಿದ ತಪ್ಪು ಇದೇ. ಮೊದಲ ವರ್ಷ ಚಳಿ, ಮಳೆ, ಕೆಲಸ ಅಂತ ದಿನ ತಳ್ಳಿದೆ. ಹೇಗೂ ಲೈಸನ್ಸ್ ಇದೆಯಲ್ಲ, ಅವಸರ ಏನು ಅಂದುಕೊಂಡೆ. 13ನೇ ತಿಂಗಳಲ್ಲಿ ಬಿಸಿಲು ಬಂತು, ಲೈಸನ್ಸ್ ಹೋಗಿತ್ತು. ಹದಿನೈದು ವರ್ಷ ಹದಡಿ ರೋಡಿನಲ್ಲಿ, ಹರಿಹರದ ದಾರಿಯಲ್ಲಿ, ಚಿತ್ರದುರ್ಗದ ಗಾಳಿಯಲ್ಲಿ ಗಾಡಿ ಓಡಿಸಿದವನು ಬೆನ್ನಿಗೆ ಹೊಸಬನ ಜಾಕೆಟ್ ಹಾಕಿಕೊಂಡು ಹದಿನೇಳರ ಹುಡುಗರ ಜೊತೆ ಸಾಲಿನಲ್ಲಿ ನಿಂತೆ. ಆ 12 ತಿಂಗಳು ಗಾಡಿ ಓಡಿಸಲು ಕೊಟ್ಟದ್ದು ಅಂದುಕೊಳ್ಳಬೇಡಿ. ಅಲ್ಲಿಯ ಲೈಸನ್ಸ್ ಮಾಡಿಸಿಕೊಳ್ಳಲು ಕೊಟ್ಟ ಗಡುವು ಅಂದುಕೊಳ್ಳಿ.

ನಮ್ಮವರಿಗೆ ತಲೆಗೆ ಹತ್ತುವುದು ತಡವಾಗುವ ವಿಷಯ ಇನ್ನೊಂದಿದೆ. ನಮ್ಮಲ್ಲಿ ಆರ್‌ಟಿಒ ಮೈದಾನದಲ್ಲಿ ಸ್ಪ್ಲೆಂಡರ್ ಮೇಲೆ ಎಂಟು ಹಾಕಿ ತೋರಿಸಿದರೆ ಸಾಕು. ಅದೇ ಲೈಸನ್ಸಿನಲ್ಲಿ ಮರುದಿನ 1000 ಸಿಸಿ ಗಾಡಿ ಓಡಿಸಿದರೂ ಕೇಳುವವರಿಲ್ಲ. ಅಲ್ಲಿ ಮೆಟ್ಟಿಲು ಮೆಟ್ಟಿಲು. 17 ವರ್ಷಕ್ಕೆ ಎ1: 125 ಸಿಸಿವರೆಗೆ, ಶಕ್ತಿ 11 ಕಿಲೋವ್ಯಾಟ್ ಮೀರಬಾರದು. 19ಕ್ಕೆ ಎ2: 35 ಕಿಲೋವ್ಯಾಟ್‌ವರೆಗೆ. ಮಿತಿಯೇ ಇಲ್ಲದ ಎ ಲೈಸನ್ಸಿಗೆ 24 ಆಗಿರಬೇಕು. ಇಲ್ಲವೇ ಎರಡು ವರ್ಷ ಎ2 ಇಟ್ಟುಕೊಂಡು, 21 ದಾಟಿ, ಮತ್ತೆ ಟೆಸ್ಟ್ ಕೊಡಬೇಕು. ಅನುಭವ ಎಷ್ಟೇ ಇರಲಿ, ಲೆಕ್ಕಕ್ಕೆ ಬರುವುದು ವಯಸ್ಸು ಮತ್ತು ಗಾಡಿಯ ಶಕ್ತಿ.

ಇದನ್ನು ನಮ್ಮ ಗಾಡಿಗಳಿಗೆ ಹಚ್ಚಿ ನೋಡಿ. ಸ್ಪ್ಲೆಂಡರ್ ಕೆಳಗಿನ ಮೆಟ್ಟಿಲಲ್ಲಿ ಆರಾಮಾಗಿ ಕೂರುತ್ತದೆ. ಪಲ್ಸರ್ 150 ಕೂರುವುದಿಲ್ಲ. 350ರ ಬುಲೆಟ್ಟಿಗೆ ಎ2 ಬೇಕು. ಡ್ಯೂಕ್ 390ಕ್ಕೂ ಎ2. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ನೋಡಲು ದೊಡ್ಡದು, ಆದರೆ ಶಕ್ತಿ 35 ಕಿಲೋವ್ಯಾಟ್ ಆಸುಪಾಸಿನಲ್ಲೇ ನಿಲ್ಲುವುದರಿಂದ ಅದೂ ಎ2ನಲ್ಲೇ ಬರುತ್ತದೆ. ಇನ್ನೂ ಒಂದು ಮಜಾ ಇದೆ. ಎ2 ಟೆಸ್ಟ್ ಕೊಡುವ ಗಾಡಿ ಕನಿಷ್ಠ 395 ಸಿಸಿ ಇರಬೇಕು. ಅಂದರೆ ನನ್ನ ಅಳಿಯನ ಬುಲೆಟ್ ಕಲಿಯುವವನಿಗೆ ಜಾಸ್ತಿ ದೊಡ್ಡದು, ಟೆಸ್ಟಿಗೆ ಚಿಕ್ಕದು! ಆ ಎನ್‌ಫೀಲ್ಡ್ ಕಂಪನಿ ಹುಟ್ಟಿದ್ದೇ ಇಂಗ್ಲೆಂಡಿನ ರೆಡಿಚ್ ಎಂಬ ಊರಿನಲ್ಲಿ. ತವರಿನಲ್ಲೇ ಅದಕ್ಕೆ ಈ ಗತಿ ಅಂತ ಅಳಿಯನಿಗೆ ಬಹಳ ಬೇಜಾರಾಯಿತು.

ಇನ್ನು ಮಾಡುವ ಕೆಲಸ. ಮೊದಲು ಪ್ರಾವಿಷನಲ್ ಲೈಸನ್ಸ್, ನಮ್ಮ ಎಲ್‌ಎಲ್ ಇದ್ದ ಹಾಗೆ. ಆನ್‌ಲೈನಿನಲ್ಲಿ ನಾನು ಕಟ್ಟಿದ್ದು 34 ಪೌಂಡ್. ಹಿಂದಿನ ಮೂರು ವರ್ಷ ಎಲ್ಲೆಲ್ಲಿ ಇದ್ದಿರಿ ಅಂತ ವಿಳಾಸ ಕೇಳುತ್ತಾರೆ, ದಾವಣಗೆರೆಯ ಮನೆಯ ವಿಳಾಸವನ್ನು ಪಿನ್ ಕೋಡ್ ಸಮೇತ ಬರೆದಿಟ್ಟುಕೊಳ್ಳಿ. ಕನಿಷ್ಠ 185 ದಿನ ಆ ದೇಶದಲ್ಲಿ ಇರಲು ಅನುಮತಿ ಇರಬೇಕು. 20 ಮೀಟರ್ ದೂರದಿಂದ ನಂಬರ್ ಪ್ಲೇಟ್ ಓದಲು ಬರಬೇಕು. ಕನ್ನಡಕ ಹಾಕಿಕೊಂಡು ಓದಿದರೂ ನಡೆಯುತ್ತದೆ.

ಆಮೇಲೆ ಸಿಬಿಟಿ. ಕಡ್ಡಾಯವಾದ ಮೊದಲ ತರಬೇತಿ, ಸಾಮಾನ್ಯವಾಗಿ ಒಂದು ದಿನದ್ದು. ಪಾಸು ಫೇಲು ಅಂತ ಇಲ್ಲ, ಆದರೆ ಕಲಿಸುವವರಿಗೆ ಒಪ್ಪಿಗೆ ಆಗದಿದ್ದರೆ ಇನ್ನೊಂದು ದಿನ ಬಾ ಅನ್ನುತ್ತಾರೆ. ಬೆಳಿಗ್ಗೆ ಕಣ್ಣು ನೋಡುತ್ತಾರೆ, ಹೆಲ್ಮೆಟ್ ಬಟ್ಟೆ ನೋಡುತ್ತಾರೆ. ಆಮೇಲೆ ಗಾಡಿಯನ್ನು ತಳ್ಳಿಸುತ್ತಾರೆ, ಸ್ಟ್ಯಾಂಡ್ ಹಾಕಿಸುತ್ತಾರೆ. "ಇದೆಲ್ಲ ನನಗೆ ಬರುತ್ತೆ" ಅಂತ ನಾನು ಮನಸ್ಸಿನಲ್ಲೇ ಗೊಣಗುತ್ತಿದ್ದೆ. ಊಟ ಆದಮೇಲೆ ರೋಡಿಗೆ ಕರೆದುಕೊಂಡು ಹೋದರು. ರೋಡಿನ ಮೇಲೆ ಕನಿಷ್ಠ ಎರಡು ತಾಸು ಓಡಿಸಬೇಕು. ಹಿಂದೆ ಇನ್ನೊಂದು ಗಾಡಿಯಲ್ಲಿ ಬರುವ ಮೇಷ್ಟ್ರು ಕಿವಿಯೊಳಗಿನ ರೇಡಿಯೋದಲ್ಲಿ ಮಾತಾಡುತ್ತಿರುತ್ತಾರೆ. ಮೊದಲ ಹತ್ತು ನಿಮಿಷದಲ್ಲಿ ನನಗೆ ಬಂದ ಮಾತು ಒಂದೇ: "ತಿರುಗಿ ನೋಡಿದಿರಾ?"

ಕನ್ನಡಿ ನೋಡಿದ್ದೆ. ಅವರಿಗೆ ಅದು ಸಾಲದು. ಎಡಕ್ಕೋ ಬಲಕ್ಕೋ ಹೊರಳುವ ಮುಂಚೆ ಕುತ್ತಿಗೆ ತಿರುಗಿಸಿ ಭುಜದ ಮೇಲಿಂದ ಹಿಂದೆ ನೋಡಬೇಕು. ಇದಕ್ಕೆ ಅಲ್ಲಿ ಲೈಫ್‌ಸೇವರ್ ಅಂತಾರೆ. ನಮ್ಮ ಅಭ್ಯಾಸ ಬೇರೆ. ಹಿಂದಿನವನು ಹಾರ್ನ್ ಹೊಡೆದು ತಾನಿದ್ದೇನೆ ಅಂತ ಹೇಳುತ್ತಾನೆ, ನಾವು ಮುಂದೆ ನೋಡುತ್ತಾ ಹೋಗುತ್ತೇವೆ. ಅಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಊರೊಳಗೆ ರಾತ್ರಿ 11.30ರಿಂದ ಬೆಳಿಗ್ಗೆ 7ರವರೆಗೆ ಹೊಡೆಯಲೇಬಾರದು. ಕಿವಿಯ ಕೆಲಸವನ್ನು ಕುತ್ತಿಗೆ ಮಾಡಬೇಕು, ಅಷ್ಟೇ. ಗಾಡಿ ಓಡಿಸಲು ಚೆನ್ನಾಗಿ ಬರುವ ನಮ್ಮವರು ಟೆಸ್ಟಿನಲ್ಲಿ ಬೀಳುವುದು ಬಹುಪಾಲು ಇಲ್ಲೇ ಎಂಬುದು ನನ್ನ ಲೆಕ್ಕ. ನಾನೂ ಇಲ್ಲೇ ಬಿದ್ದೆ.

ಸಿಬಿಟಿ ಆದರೆ 17 ದಾಟಿದವರು 125 ಸಿಸಿ ಗಾಡಿಯನ್ನು ಓಡಿಸಬಹುದು. ಮುಂದೆ ಹಿಂದೆ ಕೆಂಪು ಎಲ್ ಬೋರ್ಡ್ ಇರಬೇಕು. ಹಿಂದೆ ಯಾರನ್ನೂ ಕೂರಿಸುವಂತಿಲ್ಲ. ಮೋಟಾರ್‌ವೇಗೆ, ಅಂದರೆ ನಮ್ಮ ಎಕ್ಸ್‌ಪ್ರೆಸ್‌ವೇ ಥರದ ರೋಡಿಗೆ, ಹತ್ತುವಂತಿಲ್ಲ. ಸರ್ಟಿಫಿಕೇಟ್ ನಡೆಯುವುದು ಎರಡು ವರ್ಷ. ಅಷ್ಟರಲ್ಲಿ ಪೂರ್ತಿ ಟೆಸ್ಟ್ ಮುಗಿಸದಿದ್ದರೆ ಮತ್ತೆ ಅದೇ ಸಾಲು.

ಥಿಯರಿ ಟೆಸ್ಟ್ 23 ಪೌಂಡ್. 50 ಪ್ರಶ್ನೆಯಲ್ಲಿ 43 ಸರಿ ಇರಬೇಕು. ಜೊತೆಗೆ 14 ವಿಡಿಯೋ ತೋರಿಸುತ್ತಾರೆ. ಅಪಾಯ ಶುರುವಾಗುತ್ತಿದೆ ಅನ್ನಿಸಿದ ಕೂಡಲೇ ಒತ್ತಬೇಕು. 75ಕ್ಕೆ 44 ಬಂದರೆ ಪಾಸ್. ನಮ್ಮ ಕಣ್ಣಿಗೆ ಆ ವಿಡಿಯೋದಲ್ಲಿ ಅಪಾಯವೇ ಕಾಣುವುದಿಲ್ಲ! ದನ ಇಲ್ಲ, ಎದುರು ಬರುವ ಆಟೋ ಇಲ್ಲ, ಏನಿದೆ ಒತ್ತಲು ಅನ್ನಿಸುತ್ತದೆ. ನಿಂತ ಕಾರಿನ ಬಾಗಿಲು ಸ್ವಲ್ಪ ಅಲುಗಿದರೂ ಅದು ಅಪಾಯ ಅಂತ ಕಲಿಯಲು ನನಗೆ ಎರಡು ವಾರ ಹಿಡಿಯಿತು.

ರೈಡಿಂಗ್ ಟೆಸ್ಟ್ ಎರಡು ಭಾಗ. ಮೊದಲನೆಯದು ಮೈದಾನದಲ್ಲಿ, 15.50 ಪೌಂಡ್. ಇಲ್ಲೂ ಎಂಟು ಹಾಕುವುದಿದೆ, ದಾವಣಗೆರೆಯವರಿಗೆ ಅದು ಹಬ್ಬ. ಕಾಲು ಊರದೆ ಯು ಟರ್ನ್, ನಡೆದುಕೊಂಡು ಹೋಗುವಷ್ಟು ನಿಧಾನದ ಓಟ ಕೂಡ ಇವೆ. ಆಮೇಲೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಂದು ತಟ್ಟನೆ ನಿಲ್ಲಿಸಬೇಕು. ಅದೇ ವೇಗದಲ್ಲಿ ಅಡ್ಡಿ ತಪ್ಪಿಸಿಯೂ ತೋರಿಸಬೇಕು. ವೇಗ ಅಳೆಯುವ ಯಂತ್ರ ಇರುತ್ತದೆ, ನಲವತ್ತೈದಕ್ಕೆ ಬಂದರೆ ಒಪ್ಪುವುದಿಲ್ಲ. ಸಣ್ಣ ತಪ್ಪು ಐದರವರೆಗೆ ಮಾಫಿ.

ಎರಡನೆಯದು ರೋಡಿನ ಮೇಲೆ, ಸುಮಾರು 40 ನಿಮಿಷ, ವಾರದ ದಿನದಲ್ಲಿ 75 ಪೌಂಡ್. ಸಣ್ಣ ತಪ್ಪು ಹತ್ತರವರೆಗೆ ನಡೆಯುತ್ತದೆ. ದೊಡ್ಡ ತಪ್ಪು ಒಂದಾದರೂ ಸಾಕು, ಮನೆಗೆ. ನಾನು ಮೊದಲ ಸಲ ಬಲಕ್ಕೆ ತಿರುಗುವಾಗ ಲೈಫ್‌ಸೇವರ್ ಮರೆತೆ. ಹಿಂದೆ ಯಾರೂ ಇರಲಿಲ್ಲ. "ಯಾರೂ ಇರಲಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯಿತು?" ಅಂತ ಪರೀಕ್ಷಕರು ಕೇಳಿದರು. ಉತ್ತರ ಇರಲಿಲ್ಲ. ರೌಂಡಾಬೌಟ್ ಕೂಡ ಅಭ್ಯಾಸ ಮಾಡಿಕೊಳ್ಳಿ. ಜಯದೇವ ಸರ್ಕಲ್ಲಿನಲ್ಲಿ ಮೊದಲು ನುಗ್ಗಿದವನದು ದಾರಿ. ಅಲ್ಲಿ ಬಲಗಡೆಯಿಂದ ಬರುವವನದು. ಬೋರ್ಡಿನ ಮೇಲಿನ ವೇಗ ಮೈಲಿಯಲ್ಲಿರುತ್ತದೆ, 30 ಅಂದರೆ ನಮ್ಮ 48. ವೇಲ್ಸಿನಲ್ಲಿ 2023ರ ಸೆಪ್ಟೆಂಬರಿನಿಂದ ಊರೊಳಗಿನ ಬಹುಪಾಲು ರೋಡಿಗೆ 20 ಮೈಲಿಯೇ ಮಿತಿ.

ತರಬೇತಿ, ಟೆಸ್ಟ್, ಬಿದ್ದು ಮತ್ತೆ ಕಟ್ಟಿದ್ದು ಎಲ್ಲ ಸೇರಿ ನನಗೆ ಸಾವಿರ ಪೌಂಡ್ ದಾಟಿತು. ಇದನ್ನು ಕೇಳಿ ಅಕ್ಕ ದೋಸೆ ಪಾರ್ಸೆಲ್ ಬಿಚ್ಚುತ್ತಿದ್ದವಳು ನಿಂತೇಬಿಟ್ಟಳು. "ಅಷ್ಟರಲ್ಲಿ ಇಲ್ಲಿ ಗಾಡಿನೇ ಬರುತ್ತಲ್ಲೋ!"

ಲೈಸನ್ಸ್ ಕೈಗೆ ಬಂದಮೇಲೂ ಎರಡು ವರ್ಷ ಬಾಲ ಮುದುರಿಕೊಂಡೇ ಇರಬೇಕು. ಮೊದಲ ಟೆಸ್ಟ್ ಪಾಸಾದ ಎರಡು ವರ್ಷದೊಳಗೆ ಆರು ಪೆನಾಲ್ಟಿ ಪಾಯಿಂಟ್ ಬಿದ್ದರೆ ಲೈಸನ್ಸ್ ರದ್ದು. ಮತ್ತೆ ಪ್ರಾವಿಷನಲ್, ಮತ್ತೆ ಥಿಯರಿ, ಮತ್ತೆ ಟೆಸ್ಟ್. ಕೈಯಲ್ಲಿ ಮೊಬೈಲ್ ಹಿಡಿದು ಸಿಕ್ಕಿಬಿದ್ದರೆ ಒಂದೇ ಏಟಿಗೆ ಆರು. ವಿಮೆ ಇಲ್ಲದಿದ್ದರೆ ಆರರಿಂದ ಎಂಟು.

ವಿಮೆಯ ಮಾತಿನಲ್ಲೇ ಓದಲು ಹೋಗುವ ಹುಡುಗರಿಗೆ ಒಂದು ಎಚ್ಚರಿಕೆ. ಎಲ್ ಬೋರ್ಡ್ ಹಾಕಿದ 125 ಗಾಡಿಯಲ್ಲಿ ಊಟದ ಡೆಲಿವರಿ ಮಾಡಿ ಬಾಡಿಗೆ ಕಟ್ಟೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಅಳಿಯನ ತಲೆಯಲ್ಲೂ ಅದೇ ಇತ್ತು. ಆ್ಯಪಿನ ಡೆಲಿವರಿ ಸ್ವಂತ ಉದ್ಯೋಗದ ಲೆಕ್ಕ, ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ. ಅದೂ ಸಾಲದು ಅಂತ, ಸಾಮಾನ್ಯ ವಿಮೆ ಡೆಲಿವರಿಗೆ ಹೊಂದುವುದಿಲ್ಲ. ಅಂದರೆ ವಿಮೆ ಇಲ್ಲದೆ ಓಡಿಸಿದ ಹಾಗೆ. ಪೆನಾಲ್ಟಿ ಪಾಯಿಂಟೂ ಬೀಳುತ್ತದೆ, ವೀಸಾಕ್ಕೂ ಕುತ್ತು. ಗೆಳೆಯನ ಖಾತೆಯಲ್ಲಿ ಓಡಿಸುತ್ತೇನೆ ಅನ್ನುವ ಜಾಣತನವಂತೂ ಬೇಡವೇ ಬೇಡ.

ಪೂರ್ತಿ ಲೈಸನ್ಸ್ ಬಂದಮೇಲೆ ಹಿಂದೆ ಒಬ್ಬರನ್ನು ಕೂರಿಸಬಹುದು. ಒಬ್ಬರೇ. ತ್ರಿಬಲ್ಸ್ ಮರೆತುಬಿಡಿ. ಕೂರುವವರು ಎರಡೂ ಕಡೆ ಕಾಲು ಹಾಕಿಯೇ ಕೂರಬೇಕು, ಅದು ಕಾನೂನು. ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವ ಪದ್ಧತಿ ಅಲ್ಲಿ ನಡೆಯುವುದಿಲ್ಲ, ಯುಗಾದಿಗೆ ಕನ್ನಡ ಸಂಘಕ್ಕೆ ಹೊರಟಾಗ ನನ್ನ ಹೆಂಡತಿ ಬಸ್ಸಿನಲ್ಲೇ ಬರುತ್ತಾಳೆ. ಒಂದು ಸಮಾಧಾನ ಇದೆ. ನಿಂತ ಕಾರುಗಳ ನಡುವೆ ನಿಧಾನವಾಗಿ ನುಸುಳಿ ಮುಂದೆ ಹೋಗುವುದು ಅಲ್ಲಿ ಅಪರಾಧ ಅಲ್ಲ. ಅಶೋಕ ರೋಡಿನ ರೈಲ್ವೆ ಗೇಟಿನಲ್ಲಿ ಕಲಿತ ವಿದ್ಯೆ ಪೂರ್ತಿ ದಂಡ ಆಗುವುದಿಲ್ಲ.

ಕೊನೆಗೆ ಲಗೇಜಿನ ವಿಷಯ. ಜಾಕೆಟ್, ಗ್ಲೌಸ್, ಬೂಟು ಇಲ್ಲಿಂದ ಒಯ್ಯಬಹುದು. ಬರೀ ಐಎಸ್‌ಐ ಗುರುತಿನ ಹೆಲ್ಮೆಟ್ ಒಯ್ಯಬೇಡಿ. ಅಲ್ಲಿಯ ಕಾನೂನಿಗೆ ಬ್ರಿಟಿಷ್ ಗುರುತು ಇಲ್ಲವೇ ಇಸಿಇ 22.05 ಅಥವಾ ಅದಕ್ಕಿಂತ ಹೊಸ ಗುರುತು ಇರಬೇಕು. ಅಳಿಯ ಆಗಲೇ ಸೂಟ್‌ಕೇಸಿನಲ್ಲಿ ಹೆಲ್ಮೆಟ್ ಇಟ್ಟಿದ್ದ. ಅಕ್ಕ ಅದನ್ನು ತೆಗೆದು ಅಟ್ಟಕ್ಕೆ ಹಾಕಿದಳು. ಅಷ್ಟು ಜಾಗದಲ್ಲಿ ಎರಡು ಕೆಜಿ ಶೇಂಗಾ ಚಟ್ನಿಪುಡಿ ಹಿಡಿಯಿತು.